ನಿಮಗಿದು ಗೊತ್ತೇ? ಕಾಫಿ ಚೀಲದ ಜೊತೆಗೆ ತೋಟದ ಉತಾರವೂ ಹಡಗು ಹತ್ತಬೇಕು!

ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನ ಎರೆಹೊಲಕ್ಕೂ ಯುರೋಪಿನ ಬಂದರಿಗೂ ನಡುವೆ ಸಾವಿರಾರು ಮೈಲಿ. ಆದರೂ ಅಲ್ಲಿ ಬರೆದ ಒಂದು ಕಾನೂನು ಈಗಾಗಲೇ ಕೊಡಗು, ಚಿಕ್ಕಮಗಳೂರು, ಸುಳ್ಯದ ತೋಟಗಳ ಬದುವಿನ ತನಕ ಬಂದು ನಿಂತಿದೆ. ನಾಳೆ ಹಾವೇರಿಯ ಗೋವಿನಜೋಳದ ಹೊಲಕ್ಕೂ ಬರಬಹುದು. ಕಾಡು ಕಡಿದು ಬೆಳೆದ ಮಾಲು ಬೇಡ ಎನ್ನುವ ಈ ಕಾನೂನು ಏನು ಕೇಳುತ್ತದೆ? ಅದರಿಂದ ನಮಗೇನು? ಒಂದೊಂದಾಗಿ ನೋಡಿ.

ಕಾನೂನಿನ ಒಳಗೆ

1. ಏಳು ಸರಕು. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ ಕಾನೂನಾಗಿ ಊರ್ಜಿತಗೊಂಡದ್ದು 2023ರ ಜೂನ್ 29ರಂದು. ಅದರ ಹಿಡಿತಕ್ಕೆ ಬರುವ ಸರಕು ಏಳು: ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆಎಣ್ಣೆ, ದನ ಮತ್ತು ಮರ. ಇವುಗಳಿಂದ ತಯಾರಾಗುವ ಚಾಕೊಲೇಟ್, ಟೈರ್, ಪೀಠೋಪಕರಣ, ಕಾಗದದಂಥ ವಸ್ತುಗಳೂ ಸೇರುತ್ತವೆ. 2023ರ ಪಟ್ಟಿಯಲ್ಲಿ ದನದ ತೊಗಲು ಇತ್ತು. ಅದೇ ತೊಗಲಿನಿಂದ ಹೊಲಿದ ಬೂಟು ಇರಲಿಲ್ಲ.

2. ಎಲ್ಲಕ್ಕೂ ಒಂದೇ ಗಡಿ ದಿನ. 2020ರ ಡಿಸೆಂಬರ್ 31. ಆ ದಿನದ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಈ ಸರಕುಗಳಿಗೆ ಯುರೋಪಿನ ಬಾಗಿಲು ಮುಚ್ಚುತ್ತದೆ. 2021ರಲ್ಲಿ ಕಾಡು ಕಡಿದು ನೆಟ್ಟ ಕಾಫಿ ಗಿಡ ಈಗಾಗಲೇ ಫಸಲಿಗೆ ಬಂದಿರುತ್ತದೆ. ರಬ್ಬರ್ ಮರ ಹಾಲು ಕೊಡಲು ಸುಮಾರು ಏಳು ವರ್ಷ ಬೇಕು. ಅಂದಿನ ತಪ್ಪಿನ ಲೆಕ್ಕ ರಬ್ಬರಿನಲ್ಲಿ ಇನ್ನು ಮುಂದೆ ಹೊರಬೀಳಲಿದೆ.

3. ಎರಡು ಸಲ ಮುಂದಕ್ಕೆ. ಮೊದಲು 2024ರ ಡಿಸೆಂಬರ್ 30ರಿಂದ ಪಾಲಿಸಬೇಕೆಂದು ಗೊತ್ತು ಮಾಡಿದ್ದರು. ಒಂದು ವರ್ಷ ಮುಂದೆ ಹೋಯಿತು, 2025ರ ಡಿಸೆಂಬರಿನಲ್ಲಿ ಇನ್ನೊಂದು ವರ್ಷ. ಆ ತಿದ್ದುಪಡಿಯ ಪ್ರಕಾರ ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣ ಕಂಪನಿಗಳಿಗೆ 2027ರ ಜೂನ್ 30. ಪುಸ್ತಕ, ಪತ್ರಿಕೆಗಳಂಥ ಮುದ್ರಿತ ವಸ್ತುಗಳನ್ನು ಅದೇ ತಿದ್ದುಪಡಿ ಪಟ್ಟಿಯಿಂದ ಕೈಬಿಟ್ಟಿತು.

4. ಭಾರತಕ್ಕಿಂತ ದೊಡ್ಡ ಕಾಡು ಕಣ್ಮರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ 1990ರಿಂದ 2020ರ ನಡುವೆ ಜಗತ್ತು ಕಡಿದುಕೊಂಡ ಕಾಡು 42 ಕೋಟಿ ಹೆಕ್ಟೇರ್. ಇಡೀ ಭಾರತದ ವಿಸ್ತೀರ್ಣವೇ ಸುಮಾರು 33 ಕೋಟಿ ಹೆಕ್ಟೇರ್. ಕಾಡು ಹೋಗುವುದಕ್ಕೆ ಮುಖ್ಯ ಕಾರಣ ಬೇಸಾಯದ ವಿಸ್ತರಣೆ.

5. ಯಾವುದರ ಪಾಲು ಎಷ್ಟು? ಯುರೋಪಿನ ಬಳಕೆಯಿಂದ ಆಗುವ ಅರಣ್ಯನಾಶದಲ್ಲಿ ಈ ಏಳು ಸರಕುಗಳ ಪಾಲನ್ನು ಕಾನೂನಿನ ಪೀಠಿಕೆಯೇ ಬಿಡಿಸಿ ಹೇಳುತ್ತದೆ. ತಾಳೆಎಣ್ಣೆ ಶೇ 34, ಸೋಯಾ ಶೇ 32.8, ಮರ ಶೇ 8.6, ಕೋಕೋ ಶೇ 7.5, ಕಾಫಿ ಶೇ 7, ದನ ಶೇ 5, ರಬ್ಬರ್ ಶೇ 3.4. ಮೊದಲ ಎರಡರದ್ದೇ ಮೂರನೇ ಎರಡು ಭಾಗ. ಆದರೆ ಕಾಗದಪತ್ರದ ಹೊರೆ ಏಳಕ್ಕೂ ಹೆಚ್ಚುಕಡಿಮೆ ಒಂದೇ.

6. ಒಂದು ಎಕರೆ ಒಂಬತ್ತು ಗುಂಟೆ. ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, 5 ಮೀಟರಿಗಿಂತ ಎತ್ತರದ ಮರ, ನೆಲದ ಶೇ 10ಕ್ಕಿಂತ ಹೆಚ್ಚು ಭಾಗಕ್ಕೆ ಮರಗಳ ನೆರಳು. ಈ ಮೂರೂ ಇದ್ದರೆ ಕಾನೂನಿನ ಕಣ್ಣಿಗೆ ಅದು ಕಾಡು. ಅರ್ಧ ಹೆಕ್ಟೇರ್ ಎಂದರೆ ನಮ್ಮ ಲೆಕ್ಕದಲ್ಲಿ 1 ಎಕರೆ 9 ಗುಂಟೆ. ಮುಖ್ಯವಾಗಿ ಬೇಸಾಯಕ್ಕೋ ನಗರದ ಬಳಕೆಗೋ ಇರುವ ಜಮೀನು ಇದರಿಂದ ಹೊರಗೆ.

7. ಗೇಣಿಗಿಂತ ಕಡಿಮೆ. ಬೆಳೆ ಬೆಳೆದ ಜಾಗದ ಅಕ್ಷಾಂಶ, ರೇಖಾಂಶವನ್ನು ದಶಾಂಶದ ನಂತರ ಕನಿಷ್ಠ ಆರು ಅಂಕಿ ಬರುವಂತೆ ಕೊಡಬೇಕು. ಸವಣೂರು ಇರುವುದು ಸುಮಾರು 15 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದ ಆಸುಪಾಸಿನಲ್ಲಿ. ಅಷ್ಟೇ ಹೇಳಿದರೆ ಒಂದು ಜಿಲ್ಲೆಗಿಂತ ದೊಡ್ಡ ಪ್ರದೇಶ ಅದರೊಳಗೆ ಬಂತು. ಆರನೇ ಅಂಕಿಗೆ ಹೋಗುವಷ್ಟರಲ್ಲಿ ಗುರುತು ಸುಮಾರು 11 ಸೆಂಟಿಮೀಟರಿಗೆ ಇಳಿಯುತ್ತದೆ. ಒಂದು ಸಸಿಯ ಬುಡವನ್ನು ಪಕ್ಕದ ಸಸಿಯ ಬುಡದಿಂದ ಬೇರೆ ಮಾಡಿ ತೋರಿಸಬಹುದು.

8. ಹತ್ತು ಎಕರೆ ದಾಟಿದರೆ ಸುತ್ತಳತೆ. 4 ಹೆಕ್ಟೇರಿನ ತನಕ, ಅಂದರೆ 9 ಎಕರೆ 35 ಗುಂಟೆಯವರೆಗಿನ ತುಂಡಿಗೆ ಒಂದೇ ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ನಕ್ಷೆಯಾಗಿ ಕೊಡಬೇಕು. 2015–16ರ ಕೃಷಿ ಗಣತಿಯಲ್ಲಿ ಭಾರತದ ಸರಾಸರಿ ಹಿಡುವಳಿ 1.08 ಹೆಕ್ಟೇರ್. ಹಾಗಾಗಿ ನಮ್ಮ ಬಹುಪಾಲು ರೈತರಿಗೆ ಒಂದು ಬಿಂದುವೇ ಸಾಕಾಗುತ್ತದೆ.

9. ಪರೀಕ್ಷೆ ಒಂದಲ್ಲ, ಎರಡು. ಕಾಡು ಕಡಿದಿಲ್ಲ ಎಂದರಷ್ಟೇ ಸಾಲದು. ಬೆಳೆದ ದೇಶದ ಕಾನೂನನ್ನೂ ಪಾಲಿಸಿರಬೇಕು. ಭೂಮಿಯ ಹಕ್ಕು, ಪರಿಸರ, ಕೂಲಿಕಾರರ ಹಕ್ಕು, ತೆರಿಗೆ ಎಲ್ಲವೂ ಇದರಲ್ಲಿ ಬಂತು. ಮೊದಲ ಪರೀಕ್ಷೆಯಲ್ಲಿ ಕರ್ನಾಟಕದ ಬಹುಪಾಲು ತೋಟ ಪಾಸಾಗಬಹುದು. ಹೆಚ್ಚಿನ ತೊಡಕು ಕಾದಿರುವುದು ಎರಡನೆಯದರಲ್ಲಿ.

10. ವಹಿವಾಟಿನ ಶೇ 4. ತಪ್ಪಿದ ಕಂಪನಿಗೆ ಹಾಕುವ ಗರಿಷ್ಠ ದಂಡ, ಯುರೋಪಿನಲ್ಲಿ ಅದು ನಡೆಸುವ ವಾರ್ಷಿಕ ವಹಿವಾಟಿನ ಶೇ 4ಕ್ಕಿಂತ ಕಡಿಮೆ ಇರಬಾರದು ಎಂದು ಕಾನೂನು ಹೇಳುತ್ತದೆ. ಮಾಲಿನ ಮುಟ್ಟುಗೋಲು ಬೇರೆ. ಇಷ್ಟು ದೊಡ್ಡ ಪೆಟ್ಟಿನ ಭಯ ಇರುವ ಖರೀದಿದಾರ ಅನುಮಾನ ಬಂದ ಚೀಲವನ್ನು ಮುಟ್ಟುವುದೇ ಇಲ್ಲ.

11. ಕಾನೂನು ಕಟ್ಟಿಹಾಕುವುದು ರೈತನನ್ನಲ್ಲ. ನಿಯಮ ಪಾಲಿಸಿದ್ದೇನೆಂಬ ಘೋಷಣೆ ಸಲ್ಲಿಸಬೇಕಾದವನು ಮಾಲನ್ನು ಯುರೋಪಿನ ಮಾರುಕಟ್ಟೆಗೆ ಮೊದಲು ಇಳಿಸುವ ಆಮದುದಾರ. ದಂಡ ಕಟ್ಟುವವನೂ ಅವನೇ. ಆದರೆ ಅವನು ರಫ್ತುದಾರನನ್ನು ಕೇಳುತ್ತಾನೆ, ರಫ್ತುದಾರ ಕ್ಯೂರಿಂಗ್ ಕಾರ್ಖಾನೆಯನ್ನು, ಕಾರ್ಖಾನೆ ವ್ಯಾಪಾರಿಯನ್ನು, ವ್ಯಾಪಾರಿ ಕೊನೆಗೆ ಎರಡು ಎಕರೆಯ ಬೆಳೆಗಾರನನ್ನು. ಉತ್ತರ ಕೊಡಬೇಕಾದ ಕೊನೆಯ ಮನುಷ್ಯ ಇವನೇ, ಕೈಯಲ್ಲಿ ದುಡ್ಡೂ ಸಿಬ್ಬಂದಿಯೂ ಇಲ್ಲದವನೂ ಇವನೇ.

12. ಭಾರತ ಕಡಿಮೆ ಅಪಾಯದ ದೇಶ. 2025ರ ಮೇ 22ರಂದು ಬಂದ ದೇಶಗಳ ಪಟ್ಟಿಯಲ್ಲಿ ಭಾರತ ಕಡಿಮೆ ಅಪಾಯದ ಸಾಲಿನಲ್ಲಿದೆ. ಬ್ರೆಜಿಲ್, ಇಂಡೊನೇಷ್ಯಾ, ಮಲೇಷ್ಯಾ ನಡುವಿನ ಸಾಲಿನಲ್ಲಿ. ಹೆಚ್ಚಿನ ಅಪಾಯದವು ನಾಲ್ಕೇ: ರಷ್ಯಾ, ಬೆಲಾರಸ್, ಉತ್ತರ ಕೊರಿಯಾ, ಮ್ಯಾನ್ಮಾರ್. ಕಡಿಮೆ ಅಪಾಯದ ದೇಶದಿಂದ ತರಿಸುವವರಲ್ಲಿ ಶೇ 1ರಷ್ಟು ಮಂದಿಯ ತಪಾಸಣೆ, ನಡುವಿನವರಿಗೆ ಶೇ 3, ಹೆಚ್ಚಿನವರಿಗೆ ಶೇ 9. ತಪಾಸಣೆ ಕಡಿಮೆಯಾದರೂ ತೋಟದ ಗುರುತು ಕೊಡುವುದು ತಪ್ಪುವುದಿಲ್ಲ.

ಮಲೆನಾಡಿನ ತೋಟದಲ್ಲಿ

13. ದೇಶದ ಕಾಫಿಯ ಮುಕ್ಕಾಲು ಪಾಲು ಹತ್ತಿರ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ದೇಶದ ಕಾಫಿಯ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗಿರಾಕಿಗಳು. ಈ ಮೂರೂ ಐರೋಪ್ಯ ಒಕ್ಕೂಟದವೇ ಆದ್ದರಿಂದ ಕಾನೂನಿನ ಮೊದಲ ಬಿಸಿ ತಟ್ಟುವುದು ಇಲ್ಲಿಗೆ.

14. ಮೇಲಿನಿಂದ ನೋಡಿದರೆ ಕಾಡು. ನಮ್ಮ ಕಾಫಿ ನೆರಳಿನ ಬೆಳೆ. ಹಲಸು, ಅತ್ತಿ, ಬೀಟೆ, ಸಿಲ್ವರ್ ಓಕ್ ಮರಗಳ ಕೆಳಗೆ ಕಾಫಿ, ಮರದ ಕಾಂಡಕ್ಕೆ ಹಬ್ಬಿದ ಕಾಳುಮೆಣಸು. ಉಪಗ್ರಹಕ್ಕೆ ಕಾಣುವುದು ಮರದ ತಲೆ ಮಾತ್ರ. ಯುರೋಪಿನವರು 2020ರ ಸ್ಥಿತಿ ತೋರಿಸುವ ಜಾಗತಿಕ ಅರಣ್ಯ ನಕ್ಷೆ ತಯಾರಿಸಿದ್ದಾರೆ. ಇಂಥ ನಕ್ಷೆಯಲ್ಲಿ ನೆರಳಿನ ತೋಟ ಕಾಡಾಗಿ ಕಾಣುವ ಸಾಧ್ಯತೆ ಬಹಳ. ಬೆಳೆಗಾರನಿಗೆ ಆಧಾರವಾಗುವ ಮಾತು ಕಾನೂನಿನಲ್ಲೇ ಇದೆ: ಮರಗಳ ನೆರಳಲ್ಲಿ ಬೆಳೆ ತೆಗೆಯುವ ತೋಟ ಕೃಷಿ ಭೂಮಿ, ಕಾಡಲ್ಲ. ನಕ್ಷೆಯೂ ಅಂತಿಮ ತೀರ್ಪಲ್ಲ, ಒಂದು ಸಾಧನ ಮಾತ್ರ.

15. ಮರಗಸಿ ಮಾಡಿದರೂ ಅನುಮಾನ. ಮಳೆಗಾಲಕ್ಕೆ ಮುಂಚೆ ತೋಟದ ಮರಗಳ ಕೊಂಬೆ ಸವರಿ ಗಿಡಕ್ಕೆ ಬೆಳಕು ಬಿಡುವ ಕೆಲಸವೇ ಮರಗಸಿ. ನುರಿತ ಆಳು ಮರ ಹತ್ತಿ, ಯಾವ ಕೊಂಬೆ ಇರಬೇಕು, ಯಾವುದು ಹೋಗಬೇಕು ಎಂದು ನೋಡಿ ಕಡಿಯುತ್ತಾನೆ. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆದರೆ ಹಿಂದಿನ ವರ್ಷ ಹಸಿರಾಗಿದ್ದ ಜಾಗ ಈ ವರ್ಷದ ಉಪಗ್ರಹ ಚಿತ್ರದಲ್ಲಿ ತೆಳುವಾಗಿ ಕಂಡರೆ, ಕಾಡು ಕಡಿದಿದ್ದಾರೆಂದು ಕಂಪ್ಯೂಟರು ಕೆಂಪು ಗುರುತು ಹಾಕಬಹುದು. ಆಗ ನೆರವಿಗೆ ಬರುವುದು ತೋಟದ ಹಳೆಯ ದಾಖಲೆ.

16. ಒಂದು ಚೀಲ ಕೆಟ್ಟರೆ ಇಡೀ ಕಂಟೇನರ್. ಕಣದಲ್ಲಿ ಒಣಗಿಸಿದ ಕಾಫಿ ಚೆರ್ರಿಯನ್ನು ಸಣ್ಣ ಬೆಳೆಗಾರ ಊರಿನ ವ್ಯಾಪಾರಿಗೆ ಹಾಕುತ್ತಾನೆ. ವ್ಯಾಪಾರಿ ಹತ್ತಾರು ಮಂದಿಯ ಮಾಲನ್ನು ಒಂದೇ ರಾಶಿ ಮಾಡುತ್ತಾನೆ. ಕ್ಯೂರಿಂಗ್ ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಬೇರ್ಪಡಿಸುವಾಗ ಇನ್ನಷ್ಟು ರಾಶಿ ಸೇರುತ್ತವೆ. ಒಂದು ಕಂಟೇನರಿಗೆ 60 ಕೆ.ಜಿ.ಯ ಸುಮಾರು 300 ಚೀಲ. ಹೆಕ್ಟೇರಿಗೆ ಒಂದು ಟನ್ ಇಳುವರಿ ಎಂದು ಹಿಡಿದರೂ ಅದರಲ್ಲಿ ಹೆಕ್ಟೇರಿನಷ್ಟೇ ಇರುವ ಸುಮಾರು ಇಪ್ಪತ್ತು ಸಣ್ಣ ತೋಟಗಳ ಕಾಳು. ಗುರುತಿರುವ ಮಾಲಿಗೆ ಗುರುತಿಲ್ಲದ ಮಾಲು ಬೆರೆಸುವಂತಿಲ್ಲ ಎನ್ನುತ್ತದೆ ಕಾನೂನು. ಬೆರೆತ ಮೇಲೆ ಬೇರ್ಪಡಿಸಲಾಗದಿದ್ದರೆ ಒಬ್ಬನ ಕೊರತೆ ಹತ್ತೊಂಬತ್ತು ಮಂದಿಯ ದುಡಿಮೆಗೂ ಅಂಟುತ್ತದೆ.

17. ಬಾಣೆ, ಜಮ್ಮಾ, ಒತ್ತುವರಿ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯಲ್ಲಿ ಎಷ್ಟೋ ಕಡೆ ಹಿರಿಯ ಪಟ್ಟೆದಾರರ ಹೆಸರಲ್ಲೇ ಇಡೀ ಕುಟುಂಬದ ದಾಖಲೆ ಇದೆ. ಗದ್ದೆಗೆ ಹೊಂದಿಕೊಂಡ ಮರಗಳ ಭೂಮಿಯಾದ ಬಾಣೆಯಲ್ಲಿ ಕಾಫಿ ಬೆಳೆದು ತಲೆಮಾರುಗಳಾಗಿವೆ. ಮಲೆನಾಡಿನಲ್ಲಿ ಸರ್ಕಾರಿ ಜಮೀನು ಒತ್ತುವರಿಯ ಪ್ರಶ್ನೆಯೂ ಇದೆ. ಇಲ್ಲೆಲ್ಲ ಮರ ಉಳಿದಿದೆ, ಕಾಗದ ಗಟ್ಟಿಯಾಗಿಲ್ಲ. ಎರಡನೇ ಪರೀಕ್ಷೆ ಕಷ್ಟ ಎಂದದ್ದು ಇದಕ್ಕೇ.

18. ಮೊಬೈಲಿನಲ್ಲಿ ನೋಂದಣಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕಾಫಿ ಮಂಡಳಿ, ಬೆಳೆಗಾರರು ತೋಟದ ವಿವರ ದಾಖಲಿಸಲು ಮೊಬೈಲ್ ಆ್ಯಪ್ ತಂದಿದೆ. ಕೊಟ್ಟಾಯಂನ ರಬ್ಬರ್ ಮಂಡಳಿಯೂ ತೋಟಗಳ ಗಡಿ ಗುರುತಿಸುವ ಕೆಲಸಕ್ಕೆ ಕೈಹಾಕಿದೆ. ಸರ್ಕಾರಿ ಸಂಸ್ಥೆಯೇ ಈ ಕೆಲಸ ಮಾಡಿದರೆ ಸಣ್ಣವರ ಖರ್ಚು ಉಳಿಯುತ್ತದೆ, ಅವರ ವಿವರ ಯಾವುದೋ ಒಂದು ಖಾಸಗಿ ಕಂಪನಿಯ ಕೈಯಲ್ಲಿ ಸಿಕ್ಕಿಕೊಳ್ಳುವುದಿಲ್ಲ.

19. ಸುಳ್ಯದ ರಬ್ಬರಿನ ಹಿಂದೆ ಒಂದು ಒಪ್ಪಂದ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದಲ್ಲಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಆ ತೋಟಗಳನ್ನು ನಡೆಸುತ್ತದೆ. 2020ಕ್ಕಿಂತ ಬಹಳ ಹಿಂದಿನ ನೆಡುತೋಪಾದ್ದರಿಂದ ಗಡಿ ದಿನದ ತಕರಾರು ಇಲ್ಲಿ ಬರುವುದಿಲ್ಲ.

20. ಅಡಿಕೆ ತೋಟದೊಳಗಿನ ಕೋಕೋ. ಐವರಿ ಕೋಸ್ಟ್ 1960ರಿಂದೀಚೆಗೆ ತನ್ನ ಕಾಡಿನ ಬಹುಪಾಲು ಕಳೆದುಕೊಂಡಿತು. ದೊಡ್ಡ ಕಾರಣ ಕೋಕೋ. ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಅದೇ ಕೋಕೋ ಅಡಿಕೆ ಮರಗಳ ನಡುವಿನ ಖಾಲಿ ಜಾಗದಲ್ಲಿ ಬೆಳೆಯುತ್ತದೆ, ಹೊಸದಾಗಿ ಒಂದು ಗುಂಟೆ ಕಾಡೂ ಬೇಕಿಲ್ಲ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಸದಸ್ಯರ ಪಟ್ಟಿ, ಖರೀದಿಯ ಲೆಕ್ಕ ಇಟ್ಟುಕೊಳ್ಳುವ ಇಂಥ ಸಹಕಾರಿ ಸಂಘಗಳಿಗೆ ಮಾಲಿನ ಮೂಲ ತೋರಿಸುವುದು ಬಿಡಿ ವ್ಯಾಪಾರಿಗಿಂತ ಸಲೀಸು.

21. ಹಳೆಯ ಲೆಕ್ಕ ಯಾರೂ ಕೇಳುವುದಿಲ್ಲ. ಫೌಲರ್ ಎಂಬ ಆಂಗ್ಲ ಪ್ಲಾಂಟರ್ 1854ರಲ್ಲಿ ಮಡಿಕೇರಿಯಲ್ಲಿ ತೋಟ ತೆರೆದ ಮೇಲೆ ಕೊಡಗಿನಲ್ಲಿ ಯುರೋಪಿನವರ ತೋಟಗಳು ಹಬ್ಬಿದವು, ದೊಡ್ಡ ಕಾಡು ಹೋಯಿತು. 2020ರ ಗೆರೆಯ ಹಿಂದಿನ ಆ ಕಾಡಿಗೆ ಕಾನೂನಿನಲ್ಲಿ ಲೆಕ್ಕವಿಲ್ಲ. ಅಂದು ಕಡಿಸಿದವರು ಬಂದ ಖಂಡದಿಂದಲೇ ಇಂದು ನಿಯಮ ಬರುತ್ತಿದೆ. ಉದ್ದೇಶ ಸರಿಯಾದದ್ದೇ, ಅದಕ್ಕಾಗಿಯೇ ಖರ್ಚಿನಲ್ಲೂ ಯುರೋಪಿನವರು ಪಾಲು ಹೊರಬೇಕು ಎಂದು ಕೇಳುವ ಹಕ್ಕು ನಮಗಿದೆ.

ನಮ್ಮ ಹಾವೇರಿ ಸೀಮೆಗೆ ಏನು?

22. ಹತ್ತಿ, ಮೆಣಸಿನಕಾಯಿ ಪಟ್ಟಿಯಲ್ಲಿಲ್ಲ. ಹತ್ತಿಮತ್ತೂರು ಸುತ್ತಿನ ಹತ್ತಿ, ಶೇಂಗಾ, 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿ, ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ ಯಾವುದಕ್ಕೂ ಈ ನಿಯಮ ತಾಗುವುದಿಲ್ಲ.

23. ಸೋಯಾ ಇದೆ. ಬೀದರ್, ಬೆಳಗಾವಿ, ಧಾರವಾಡದಂತೆ ಹಾವೇರಿಯ ರೈತರೂ ಸೋಯಾ ಬಿತ್ತುತ್ತಾರೆ. ಕುಲಾಂತರಿಯಲ್ಲದ ಭಾರತದ ಸೋಯಾ ಹಿಂಡಿಗೆ ಯುರೋಪಿನಲ್ಲಿ ಬೇಡಿಕೆ ಇದೆ. ಅಡತಿ ಅಂಗಡಿಯಲ್ಲಿ ಇಂದು ರಾಶಿಯ ತೇವಾಂಶ, ತೂಕ ನೋಡುತ್ತಾರೆ. ರಫ್ತಿಗೆ ಹೋಗುವ ಮಾಲಾದರೆ ಯಾವ ಸರ್ವೆ ನಂಬರಿನದು ಎಂದೂ ಕೇಳಬೇಕಾಗುತ್ತದೆ.

24. ಗೋವಿನಜೋಳ ಬಾಗಿಲಲ್ಲಿದೆ. 2022ರ ಸೆಪ್ಟೆಂಬರಿನಲ್ಲಿ ಐರೋಪ್ಯ ಸಂಸತ್ತು ಪಟ್ಟಿಗೆ ಗೋವಿನಜೋಳ, ಕುರಿ, ಆಡು, ಕೋಳಿಯನ್ನೂ ಸೇರಿಸಲು ಹೇಳಿತ್ತು. ಅಂತಿಮ ಕಾನೂನಿನಲ್ಲಿ ಅವು ಇಲ್ಲ. ಆದರೆ ಮುಂದಿನ ಪರಿಶೀಲನೆಯಲ್ಲಿ ಬೇರೆ ಸರಕು ಸೇರಿಸಬಹುದೇ ನೋಡಿ ಎನ್ನುವಲ್ಲಿ ಗೋವಿನಜೋಳವನ್ನು ಹೆಸರಿಸಿಯೇ ಹೇಳಿದೆ. ರಾಜ್ಯದ ಮುಂಚೂಣಿ ಗೋವಿನಜೋಳ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಇಲ್ಲಿನ ಕಾಳು ಹೆಚ್ಚಾಗಿ ಕೋಳಿ ಆಹಾರ, ಪಿಷ್ಟ, ಎಥೆನಾಲ್‌ಗೆ ಹೋಗುವುದರಿಂದ ನಾಳೆಯೇ ಗಾಬರಿಯಾಗಬೇಕಿಲ್ಲ. ತಯಾರಿಗೆ ಮಾತ್ರ ಇದೇ ಸಮಯ.

25. ಇದು ಯಾರ ಭೂಮಿ ಎಂದು ಕುಸನೂರು ಆಗಲೇ ಕೇಳಿತ್ತು. 1984ರಲ್ಲಿ ರಾಜ್ಯ ಸರ್ಕಾರ ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಗೆ ಹಾದಿ ಮಾಡಿಕೊಟ್ಟಿತು. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ತಿರುಳಿನ ಮರ ಬೇಕಿತ್ತು. ಆ ಭೂಮಿ ಹಳ್ಳಿಯವರಿಗೆ ಮೇವು, ಸೌದೆ, ನೇಗಿಲ ಮರ ಕೊಡುತ್ತಿದ್ದ ಜಾಗ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು. ಅದೇ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಮುಂದೆ ನಿಂತಿತ್ತು. ಈ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಸಾಹಿತಿ ಶಿವರಾಮ ಕಾರಂತರೂ ಒಬ್ಬರು. 1990ರ ದಶಕದ ಆರಂಭದಲ್ಲಿ ಕಂಪನಿ ಮುಚ್ಚಿತು.

26. ಆ ಭೂಮಿಗೆ ಇಂದಿಗೂ ಪೂರ್ತಿ ರಕ್ಷಣೆ ಇಲ್ಲ. ಯುರೋಪಿನ ನಿಯಮ ಕಾಯುವುದು ಕಾಡನ್ನು. ಹುಲ್ಲುಗಾವಲು, ಕುರುಚಲು, ಗೋಮಾಳ ಅದರ ವ್ಯಾಖ್ಯೆಯಿಂದ ಹೊರಗೆ. ಕುಸನೂರಿನಂಥ ಜಾಗಕ್ಕೆ ಸಿಗುವ ಆಸರೆ ಎರಡನೇ ಪರೀಕ್ಷೆಯದ್ದು ಮಾತ್ರ, ಸ್ಥಳೀಯರ ಭೂಹಕ್ಕು ಮುರಿದಿರಬಾರದು ಎಂಬ ಮಾತು. ಬಯಲುಸೀಮೆಯ ನಮಗೆ ಇದು ದೊಡ್ಡ ಕೊರತೆ.

27. ನಾವೂ ಆಮದುದಾರರೇ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆಎಣ್ಣೆ ತರಿಸುವ ದೇಶ ಭಾರತ. ಬರುವುದು ಬಹುಪಾಲು ಇಂಡೊನೇಷ್ಯಾ, ಮಲೇಷ್ಯಾದಿಂದ. ಕಾಡು ಕಡಿದ ಜಾಗದಲ್ಲಿ ಬೆಳೆದದ್ದೇ ಎಂದು ಕೇಳುವ ನಿಯಮ ನಮ್ಮಲ್ಲಿಲ್ಲ. ಮಾರುವಾಗ ಎದುರಾಗುವ ಪ್ರಶ್ನೆಯನ್ನು ಕೊಳ್ಳುವಾಗ ನಾವೂ ಕೇಳಬೇಡವೇ?

ಹೊಲದ ವಿಳಾಸ

28. ಅರ್ಧ ಕೆಲಸ ಆಗಿಯೇ ಇದೆ. ‘ಭೂಮಿ’ ಯೋಜನೆಯಲ್ಲಿ ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನು, ಅಂದರೆ ಉತಾರಗಳನ್ನು, ಕಂಪ್ಯೂಟರಿಗೆ ಏರಿಸಿತು. ‘ದಿಶಾಂಕ್’ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಬೆಳೆ ಸಮೀಕ್ಷೆಯಲ್ಲಿ ರೈತ ತಾನೇ ಹೊಲದಲ್ಲಿ ನಿಂತು ಬೆಳೆಯ ಫೋಟೊ ಏರಿಸಬಹುದು. ಈ ಮೂರನ್ನೂ ಜೋಡಿಸಿದರೆ ಯುರೋಪು ಕೇಳುವ ಗುರುತಿನ ಬಹುಭಾಗ ಸಿದ್ಧ.

29. ಉಳಿದರ್ಧ ಮನೆಯೊಳಗೆ. ತೀರಿಹೋದ ಅಜ್ಜನ ಹೆಸರಲ್ಲೇ ಉತಾರ, ಅಣ್ಣತಮ್ಮಂದಿರಲ್ಲಿ ಬಾಯಿಮಾತಿನ ವಾಟ್ನಿ (ಪಾಲು), ಪೋಡಿಯಾಗದ, ಅಂದರೆ ಅಳೆದು ಬೇರ್ಪಡಿಸದ ಜಂಟಿ ಸರ್ವೆ ನಂಬರ್. ಇಂಥಲ್ಲಿ ಹೊಲದ ಬಿಂದು ಸಿಕ್ಕರೂ ಅದರ ಒಡೆಯನ ಹೆಸರು ತಾಳೆಯಾಗುವುದಿಲ್ಲ. ವಾರಸಾ ಬದಲಾವಣೆ, ಪೋಡಿ, ನಕ್ಷೆ ಮಾಡಿಸಿಕೊಂಡವರಿಗೆ ರಫ್ತು ಇರಲಿ ಬಿಡಲಿ, ಬೆಳೆಸಾಲ, ಬೆಳೆವಿಮೆ, ಪರಿಹಾರಕ್ಕೂ ದಾರಿ ಸುಗಮ.

30. ಹೆಚ್ಚಿನ ಬೆಲೆ ಕಡ್ಡಾಯವಲ್ಲ. ಇಷ್ಟೆಲ್ಲ ದಾಖಲೆ ಕೊಟ್ಟ ರೈತನಿಗೆ ಹೆಚ್ಚುವರಿ ಬೆಲೆ ಕೊಡಬೇಕೆಂದು ಕಾನೂನು ಹೇಳುವುದಿಲ್ಲ. ಖಾಸಗಿ ಪ್ರಮಾಣಪತ್ರವಿದ್ದರೂ ಆಮದುದಾರನ ಪರಿಶೀಲನೆ ತಪ್ಪುವುದಿಲ್ಲ. ದೊಡ್ಡ ಎಸ್ಟೇಟು ಗುಮಾಸ್ತನನ್ನು ಇಟ್ಟುಕೊಂಡು ಇದನ್ನು ನಿಭಾಯಿಸುತ್ತದೆ. ಸಣ್ಣವನು ಬೇಸತ್ತು, ಗುರುತು ಕೇಳದ ವ್ಯಾಪಾರಿಗೆ ಕಡಿಮೆ ಬೆಲೆಗೆ ಮಾರಿದರೆ ಕಾಡು ಉಳಿಸಿದವನೇ ಸೋತಂತೆ.

ಕಾಡು ಕಡಿಯದೆ ಬೆಳೆದ ಬೆಳೆಗೆ ಬೆಲೆ ಬರಬೇಕು. ಆ ಮಾತಿಗೆ ನೆರಳಿನ ತೋಟಗಳ ಕರ್ನಾಟಕಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಸಾಕ್ಷಿ ಹೇಳುವ ಖರ್ಚು ಎರಡು ಎಕರೆಯವನ ಮೇಲೆ ಬೀಳಬಾರದು. ಅಳತೆ, ನಕ್ಷೆ, ನೋಂದಣಿಯನ್ನು ಸರ್ಕಾರ ಮತ್ತು ಮಂಡಳಿಗಳು ಪುಕ್ಕಟೆ ಮಾಡಿಕೊಡಲಿ. ಸಹಕಾರಿ ಸಂಘಗಳು ಊರಿನ ಮಾಲನ್ನು ಒಟ್ಟಾಗಿ, ಗುರುತು ಸಮೇತ ಮಾರಲಿ. ಬಾಕಿ ಉಳಿದ ವಾರಸಾ, ಪೋಡಿ ಅರ್ಜಿಗಳನ್ನು ನಾವು ಈ ವರ್ಷವೇ ನಾಡಕಚೇರಿಗೆ ಮುಟ್ಟಿಸೋಣ. ಗೋವಿನಜೋಳಕ್ಕೆ ಕಾನೂನು ಬಂದ ಮೇಲೆ ಸಾಲಿನಲ್ಲಿ ನಿಲ್ಲುವುದಕ್ಕಿಂತ ಅದು ಲೇಸು.